ರಾಮೋಜಿ ಫಿಲ್ಮ್ ಸಿಟಿ ಟೂರ್: ಕಲಬುರಗಿ, ಬೀದರ್, ಯಾದಗಿರಿಯಿಂದ ಹೋಗುವವರಿಗೆ

ರಾಮೋಜಿ ಫಿಲ್ಮ್ ಸಿಟಿಯ ಒಂದು ದಿನದ ಟಿಕೆಟ್‌ನಲ್ಲಿ ಎರಡು ಬೇರೆ ಬೇರೆ ಸರಕು ಒಂದೇ ಗಂಟಿನಲ್ಲಿ ಬರುತ್ತವೆ. ಒಂದು, ನಿಜವಾಗಿಯೂ ಸಿನಿಮಾ ಕೆಲಸ ನಡೆಯುವ ಸ್ಟುಡಿಯೋದ ಬಸ್ ಟೂರ್. ಇನ್ನೊಂದು, ಆಟ, ಕುಣಿತ, ಉದ್ಯಾನ, ತಿಂಡಿ ಅಂಗಡಿಗಳ ದೊಡ್ಡ ಬಯಲು. ಮೊದಲನೆಯದಕ್ಕಾಗಿ ಕಲಬುರಗಿಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋಗುವುದು ಸಾರ್ಥಕ. ಎರಡನೆಯದು ಚೆನ್ನಾಗಿದೆ, ಆದರೆ ತೊಟ್ಟಿಲು, ಗಿರಕಿಯ ಖುಷಿ ಶರಣಬಸವೇಶ್ವರ ಜಾತ್ರೆಯಲ್ಲೂ ಸಿಗುತ್ತದೆ. ನಮ್ಮ ಕಡೆಯಿಂದ ಹೋಗುವ ಹೆಚ್ಚಿನವರು ಮುಂಜಾನೆಯೆಲ್ಲ ಆಟದಲ್ಲಿ ಕಳೆದು, ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆಯುವ ಹೊತ್ತಿಗೆ ಸ್ಟುಡಿಯೋ ಬಸ್ ಹತ್ತುತ್ತಾರೆ. ಹಾಗಾಗಿ ನೋಡಬೇಕಾದದ್ದೇ ತಪ್ಪಿಹೋಗುತ್ತದೆ.

ಜಾಗದ ಪರಿಚಯ ಚಿಕ್ಕದಾಗಿ. ರಂಗಾರೆಡ್ಡಿ ಜಿಲ್ಲೆಯ ಅಬ್ದುಲ್ಲಾಪುರಮೆಟ್ ಹತ್ತಿರ, ಹೈದರಾಬಾದ್–ವಿಜಯವಾಡ ಹೆದ್ದಾರಿಯ ಮೇಲೆ, ನಗರದ ನಡುವಿನಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ರಾಮೋಜಿ ರಾವ್ ಇದನ್ನು 1996ರಲ್ಲಿ ಶುರು ಮಾಡಿದರು. ಅವರು ತೀರಿಕೊಂಡದ್ದು 2024ರ ಜೂನ್‌ನಲ್ಲಿ. 1,666 ಎಕರೆ ವಿಸ್ತಾರದ ಇದನ್ನು ಜಗತ್ತಿನ ಅತಿ ದೊಡ್ಡ ಸಿನಿಮಾ ಸ್ಟುಡಿಯೋ ಸಂಕೀರ್ಣ ಎಂದು ಗಿನ್ನೆಸ್ ದಾಖಲಿಸಿದೆ. ನಿರ್ಮಾಪಕ ಸ್ಕ್ರಿಪ್ಟ್ ಹಿಡಿದು ಒಳಗೆ ಬಂದರೆ ಮುಗಿದ ಸಿನಿಮಾ ಹಿಡಿದು ಹೊರಗೆ ಹೋಗಬಹುದು ಎಂಬುದು ಇವರು ಮೊದಲಿನಿಂದ ಹೇಳಿಕೊಂಡು ಬಂದ ಮಾತು. ಫ್ಲೋರ್ (ಒಳಾಂಗಣ ಶೂಟಿಂಗ್ ನಡೆಯುವ ದೊಡ್ಡ ಕಟ್ಟಡ), ಬೀದಿ ಸೆಟ್, ಲೈಟು, ಕ್ಯಾಮೆರಾ, ಬಟ್ಟೆಬರೆ, ಎಡಿಟಿಂಗ್, ಡಬ್ಬಿಂಗ್, ಯೂನಿಟ್‌ನವರು, ಅಂದರೆ ಸಿನಿಮಾ ತಂಡದವರು, ಉಳಿಯಲು ಹೋಟೆಲ್, ಎಲ್ಲವೂ ಒಂದೇ ಬೇಲಿಯೊಳಗಿವೆ. ಪ್ರವಾಸಿ ಅಲ್ಲಿಗೆ ಹೋಗುವುದು ಕೆಲಸದ ಮನೆಗೆ ಬಂದ ಅತಿಥಿಯಾಗಿ. ಇದೊಂದು ತಲೆಯಲ್ಲಿದ್ದರೆ ಏಕೆ ಇಲ್ಲಿ ಇಳಿಸುವುದಿಲ್ಲ, ಏಕೆ ಅಲ್ಲಿ ಫೋಟೊ ಬೇಡ ಎನ್ನುತ್ತಾರೆ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಹೋಗುವ ದಾರಿಯ ಲೆಕ್ಕ ಸರಿಯಾಗಿ ಹಾಕಿಕೊಳ್ಳಬೇಕು, ಏಕೆಂದರೆ ಗೇಟು ತೆರೆಯುವುದು ಮುಂಜಾನೆ 9ಕ್ಕೆ. 11ರ ಮೇಲೆ ತಲುಪಿದರೆ ದಿನದ ಅರ್ಧ ಟಿಕೆಟ್ ವ್ಯರ್ಥ. ಬೀದರ್ ಜಿಲ್ಲೆಯವರಿಗೆ ಒಂದು ಅನುಕೂಲವಿದೆ: ಹುಮನಾಬಾದ್ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 65, ಪುಣೆಯಿಂದ ಮಚಲೀಪಟ್ಟಣದವರೆಗಿನ ಆ ರಸ್ತೆಯೇ, ಫಿಲ್ಮ್ ಸಿಟಿಯ ಗೇಟಿನ ಮುಂದೆಯೂ ಹಾಯುತ್ತದೆ. ಆದರೆ ಅದೇ ರಸ್ತೆ ಹಿಡಿದು ನೆಟ್ಟಗೆ ಹೋದರೆ ಪಟಾನ್‌ಚೆರು, ಕೂಕಟ್‌ಪಲ್ಲಿ, ಅಮೀರ್‌ಪೇಟೆ, ಕೋಠಿ, ದಿಲ್‌ಸುಖ್‌ನಗರ ಎಂದು ಇಡೀ ಹೈದರಾಬಾದನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹೋಗಬೇಕು. ಆಫೀಸಿನ ಹೊತ್ತಿನಲ್ಲಿ ಅದು ಎರಡು ತಾಸು ನುಂಗುತ್ತದೆ. ಬದಲಿಗೆ ಪಟಾನ್‌ಚೆರು ಬಳಿ 3ನೇ ಎಕ್ಸಿಟ್‌ನಲ್ಲಿ ಔಟರ್ ರಿಂಗ್ ರೋಡ್ ಹತ್ತಿ, ಪೆದ್ದ ಅಂಬರ್‌ಪೇಟೆಯ 11ನೇ ಎಕ್ಸಿಟ್‌ನಲ್ಲಿ ಇಳಿಯಿರಿ. ಅಲ್ಲಿಂದ ಗೇಟು ಹತ್ತಿರ. 158 ಕಿ.ಮೀ. ರಿಂಗ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಸುತ್ತು ಹೊಡೆದಂತಾಗುತ್ತದೆ, ದೂರ ಹೆಚ್ಚು, ಟೋಲ್ ಬೀಳುತ್ತದೆ. ಆದರೂ ಹೊತ್ತು ಉಳಿಯುತ್ತದೆ. ಫಾಸ್ಟ್‌ಟ್ಯಾಗ್‌ನಲ್ಲಿ ರೊಕ್ಕ ಇರಲಿ. ಬೈಕಿನವರಿಗೆ ಈ ರಿಂಗ್ ಮೇಲೆ ಪ್ರವೇಶವೇ ಇಲ್ಲ.

ಕಲಬುರಗಿಯವರಿಗೆ ಎರಡು ದಾರಿ. ಹುಮನಾಬಾದ್–ಜಹೀರಾಬಾದ್ ಒಂದು, ಮಳಖೇಡ–ಸೇಡಂ ಮೇಲೆ ತೆಲಂಗಾಣಕ್ಕೆ ಇಳಿದು ಚೇವೆಳ್ಳ ಕಡೆಯಿಂದ ಹೈದರಾಬಾದ್ ಸೇರುವುದು ಇನ್ನೊಂದು. ಎರಡನೆಯದು ನಕ್ಷೆಯಲ್ಲಿ ಚಿಕ್ಕದು, ಆದರೆ ಲಾರಿಗಳು ಹೆಚ್ಚು. ಕತ್ತಲಲ್ಲಿ ಹೊರಡುವವರಿಗೆ ಮೊದಲನೆಯದೇ ನಿಶ್ಚಿಂತೆ. ಯಾದಗಿರಿಯಿಂದಾದರೆ ಗುರುಮಠಕಲ್, ಮಹಬೂಬ್‌ನಗರ, ಜಡಚರ್ಲಾ ಮೇಲೆ ಬೆಂಗಳೂರು ಹೆದ್ದಾರಿ ಸೇರಿ, ಶಂಶಾಬಾದ್ ಹತ್ತಿರ ರಿಂಗ್ ಹಿಡಿದು ಪೂರ್ವಕ್ಕೆ ತಿರುಗಿದರೆ ನಗರದ ಒಳಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ.

ಬಾಡಿಗೆ ಟೆಂಪೋ, ಕ್ರೂಸರ್ ಮಾಡಿಕೊಂಡು ಹೋಗುವವರು ಡ್ರೈವರ್‌ಗೆ ಹಿಂದಿನ ದಿನವೇ ಒಂದು ಪ್ರಶ್ನೆ ಕೇಳಬೇಕು: ಗಾಡಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ತೆಲಂಗಾಣದ ತಾತ್ಕಾಲಿಕ ಪರ್ಮಿಟ್ ಕಟ್ಟಿದ್ದಾರೆಯೇ? ಇದನ್ನು ಕೇಳದೆ ಹೊರಟವರು ಗಡಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ನಿಂತು ಮೊಬೈಲ್‌ನಲ್ಲಿ ತೆರಿಗೆ ಕಟ್ಟುತ್ತಾ ಕೂರಬೇಕಾಗುತ್ತದೆ, ಮೇಲೆ ದಂಡವೂ ಬೀಳಬಹುದು.

ರೈಲಿನಲ್ಲಿ ಹೋಗುವವರು ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ನಂಬಬೇಡಿ. ಅದು ಮುಂಜಾನೆ ಕಲಬುರಗಿ ಬಿಟ್ಟು ಹೈದರಾಬಾದ್ ಮುಟ್ಟುವಾಗ ಮಧ್ಯಾಹ್ನ ಹತ್ತಿರ ಬಂದಿರುತ್ತದೆ. ರಾತ್ರಿ ಕಲಬುರಗಿ ದಾಟಿ ಬೆಳಗಿನ ಜಾವ ಸಿಕಂದರಾಬಾದ್ ಸೇರುವ ಕೋಣಾರ್ಕ್‌ನಂಥ ಗಾಡಿ ಅಥವಾ ಕೆಕೆಆರ್‌ಟಿಸಿಯ ರಾತ್ರಿ ಬಸ್ಸು ಇದಕ್ಕೆ ಸರಿ. ಬಸ್ಸು ನಿಲ್ಲುವುದು ಮಹಾತ್ಮ ಗಾಂಧಿ ಬಸ್ ನಿಲ್ದಾಣ, ಅಂದರೆ ಇಮ್ಲಿಬನ್‌ನಲ್ಲಿ. ಅಲ್ಲಿಯೇ ಮೆಟ್ರೋ ಇದೆ. ಕೆಂಪು ಲೈನಿನಲ್ಲಿ ಎಲ್‌.ಬಿ. ನಗರದ ಕೊನೆಯ ಸ್ಟೇಷನ್‌ವರೆಗೆ ಹೋಗಿ ಇಳಿಯುವುದು. ಸಿಕಂದರಾಬಾದ್‌ನಲ್ಲಿ ಇಳಿದವರು ಸಿಕಂದರಾಬಾದ್ ವೆಸ್ಟ್ ಎಂಬ ಮೆಟ್ರೋ ಸ್ಟೇಷನ್‌ನಿಂದ ಹಸಿರು ಲೈನ್ ಹಿಡಿದು ಇದೇ ಇಮ್ಲಿಬನ್‌ಗೆ ಬಂದು ಕೆಂಪು ಲೈನಿಗೆ ಬದಲಾಯಿಸಬಹುದು. ಎಲ್‌.ಬಿ. ನಗರದಿಂದ ಹಯಾತ್‌ನಗರದ ಕಡೆ ಹೋಗುವ ಸಿಟಿ ಬಸ್ಸುಗಳಲ್ಲಿ ಫಿಲ್ಮ್ ಸಿಟಿ ಎಂದು ಬರೆದದ್ದನ್ನೇ ಹತ್ತಬೇಕು, ಉಳಿದವು ಹಯಾತ್‌ನಗರದಲ್ಲೇ ತಿರುಗಿಬಿಡುತ್ತವೆ. ಆಟೋದವರು ಹೇಳುವ ದರಕ್ಕೆ ಒಪ್ಪುವ ಮೊದಲು ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಟಿಕೆಟ್ ವಿಷಯ. ದೊಡ್ಡವರ ಸಾಮಾನ್ಯ ಟಿಕೆಟ್ ಸಾವಿರ ರೂಪಾಯಿ ದಾಟುತ್ತದೆ, ಮೇಲೆ ಜಿಎಸ್‌ಟಿ. ಹಬ್ಬದ ಸೀಸನ್, ಕಾರ್ನಿವಲ್ ದಿನಗಳಲ್ಲಿ ದರ ಬೇರೆ, ಮಕ್ಕಳಿಗೆ ಬೇರೆ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಅವರದೇ ವೆಬ್‌ಸೈಟ್‌ನಲ್ಲಿ ತೆಗೆಯುವುದು ಒಳ್ಳೆಯದು. ಕೌಂಟರ್‌ನ ಪಾಳಿಯೂ ತಪ್ಪುತ್ತದೆ. ಎಸಿ ಬಸ್ಸು, ಊಟ ಸೇರಿದ ದುಬಾರಿ ಪ್ಯಾಕೇಜ್ ಯಾರಿಗೆ ಬೇಕು? ಮೊಣಕಾಲು ನೋವಿನ ಹಿರಿಯರಿಗೆ, ಏಪ್ರಿಲ್–ಮೇ ತಿಂಗಳಲ್ಲಿ ಹೋಗಲೇಬೇಕಾದವರಿಗೆ. ಉಳಿದವರಿಗೆ ಸಾಮಾನ್ಯ ಟಿಕೆಟ್ ಸಾಕು. ತೆರೆದ ಬಸ್ಸಿನಲ್ಲಿ ಕುಳಿತರೆ ಕಾಣಿಸುವಷ್ಟು ಕಿಟಕಿ ಗಾಜಿನ ಹಿಂದಿನಿಂದ ಕಾಣುವುದಿಲ್ಲ.

ಹೆದ್ದಾರಿ ಬದಿಯ ಗೇಟಿನಲ್ಲೇ ಸ್ವಂತ ಗಾಡಿ ನಿಲ್ಲಿಸಬೇಕು. ಅಲ್ಲಿಂದ ಕೆಲವು ಕಿಲೋಮೀಟರ್ ಒಳಗಿರುವ ಯುರೇಕಾ ಎಂಬ ಅಂಗಳಕ್ಕೆ ಫಿಲ್ಮ್ ಸಿಟಿಯ ಬಸ್ಸೇ ಕರೆದೊಯ್ಯುತ್ತದೆ. ಒಮ್ಮೆ ಒಳಗೆ ಹೋದ ಮೇಲೆ ಮರೆತ ವಸ್ತು ತರಲು ಕಾರಿಗೆ ಬಂದು ಹೋಗುವುದೆಂದರೆ ಒಂದು ತಾಸಿನ ಮಾತು. ಟೋಪಿ, ನೀರಿನ ಬಾಟಲಿ, ಮಾತ್ರೆ, ಪವರ್ ಬ್ಯಾಂಕ್ ಎಲ್ಲ ಮೊದಲೇ ಚೀಲಕ್ಕೆ ಹಾಕಿಕೊಳ್ಳಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಾಡಿಯಲ್ಲೇ ಇರಲಿ. ಸಂಜೆ ಮರಳುವಾಗ ಅದರ ರುಚಿ ಬೇರೆಯೇ. ಒಳಗೆ ಊಟ ಸಿಗುತ್ತದೆ, ಸಸ್ಯಾಹಾರವೂ ಇದೆ, ಪ್ರವಾಸಿ ಜಾಗದ ದರ. 1 ಗಂಟೆಯಿಂದ 2ರ ನಡುವೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಹನ್ನೆರಡೂವರೆಗೇ ಉಂಡುಬಿಡಿ.

ಯುರೇಕಾದಲ್ಲಿ ಮುಂಜಾನೆ ಸ್ವಾಗತದ ಕುಣಿತ ಇರುತ್ತದೆ. ಮಕ್ಕಳಿಗೆ ಖುಷಿ. ಅದು ನಡೆಯುತ್ತಿರುವಾಗಲೇ ಗುಂಪಿನಲ್ಲಿ ಒಬ್ಬರು ಹೋಗಿ ಮಾಹಿತಿ ಕೌಂಟರ್‌ನಲ್ಲಿ ಎರಡು ಸಂಗತಿ ಬರೆದುಕೊಂಡು ಬರಲಿ: ಆ ದಿನದ ಶೋಗಳ ವೇಳೆ, ಮತ್ತು ಸ್ಟುಡಿಯೋ ಟೂರ್‌ನ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂಬುದು. ಕುಣಿತ ಮುಗಿದ ಕೂಡಲೇ ಜನ ನದಿಯ ಹಾಗೆ ಆಟದ ಕಡೆ ಹರಿಯುತ್ತಾರೆ. ಆಗ ನೀವು ಬಸ್ಸಿನ ಕಡೆ ಹೋಗಿ. ಮೊದಲ ಬಸ್ಸುಗಳಲ್ಲಿ ಜನ ಕಡಿಮೆ, ಬಿಸಿಲು ಇನ್ನೂ ಏರಿರುವುದಿಲ್ಲ, ಗೈಡ್‌ನ ಗಂಟಲೂ ಇನ್ನೂ ಬತ್ತಿರುವುದಿಲ್ಲ.

ಗೈಡ್‌ಗಳು ಹಿಂದಿ, ತೆಲುಗು, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ದಖನಿ ಕೇಳಿ ಬೆಳೆದ ಕಲಬುರಗಿಯವರಿಗೆ, ತೆಲುಗು ಮನೆಮಾತೇ ಆದ ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆಯ ಅನೇಕರಿಗೆ ಇದು ತೊಡಕಲ್ಲ. ಬರೀ ಕನ್ನಡ ಬಲ್ಲ ಹಿರಿಯರ ಪಕ್ಕ ಮನೆಯವರೊಬ್ಬರು ಕುಳಿತು ಹೇಳುತ್ತಾ ಹೋಗಬೇಕು. ಗೈಡ್ ಹೆಚ್ಚಾಗಿ ಹೇಳುವುದು ಈ ಬೀದಿಯಲ್ಲಿ ಯಾವ ಹೀರೋ ಕುಣಿದ, ಆ ಮೆಟ್ಟಿಲಲ್ಲಿ ಯಾವ ಹಾಡು ಎಂದು. ಅದನ್ನು ಕೇಳಿ, ಆದರೆ ಕಣ್ಣು ಬೇರೆ ಕಡೆ ಇರಲಿ.

ಬಸ್ಸು ಹಾಯುವ ಬೀದಿಗಳಲ್ಲಿ ವಿದೇಶಿ ಊರು, ಉತ್ತರ ಭಾರತದ ಪೇಟೆ, ಹಳ್ಳಿ, ಜೈಲು, ಆಸ್ಪತ್ರೆ, ವಿಮಾನ ನಿಲ್ದಾಣ, ರೈಲ್ವೆ ಸ್ಟೇಷನ್ ಎಲ್ಲ ಬರುತ್ತವೆ. ಮೊದಲು ನೋಡಬೇಕಾದದ್ದು ಕಟ್ಟಡಗಳ ಆಳ. ಎದುರಿನಿಂದ ಎರಡಂತಸ್ತಿನ ಬಂಗಲೆ. ಬಸ್ಸು ಮೂಲೆ ತಿರುಗಿದಾಗ ಪಕ್ಕದಿಂದ ನೋಡಿದರೆ ಕೆಲವಕ್ಕೆ ನಾಲ್ಕಾರು ಅಡಿ ದಪ್ಪವೂ ಇರುವುದಿಲ್ಲ. ಹಿಂದೆ ಕಬ್ಬಿಣದ ಕಂಬ, ಮರದ ಚೌಕಟ್ಟು, ಅದಕ್ಕೆ ಬಡಿದ ಪ್ಲೈವುಡ್, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಬಣ್ಣ. ಕ್ಯಾಮೆರಾಗೆ ಕಾಣುವುದು ಎದುರಿನ ಮುಖ ಮಾತ್ರ, ಹಿಂದಿನದಕ್ಕೆ ರೊಕ್ಕ ಹಾಕುವುದು ಯಾರಿಗೂ ಬೇಕಿಲ್ಲ. ಇನ್ನು ಕೆಲವು ಕಟ್ಟಡಗಳು ಗಟ್ಟಿಯಾಗಿವೆ, ಅವುಗಳ ಒಂದೊಂದು ಬದಿಗೆ ಒಂದೊಂದು ಮುಖ: ಇತ್ತ ಕಡೆ ಆಸ್ಪತ್ರೆ, ಅತ್ತ ಕಡೆ ಕಾಲೇಜು. ಬೋರ್ಡು ಬದಲಿಸಿ, ಎರಡು ಹೂಕುಂಡ ಸರಿಸಿದರೆ ಯೂನಿಟ್ ಊರು ಬದಲಿಸಿದಂತೆ. ರೈಲ್ವೆ ಸ್ಟೇಷನ್ ಸೆಟ್‌ನಲ್ಲಿ ಹಳದಿ ನಾಮಫಲಕ ನೋಡಿ, ಅದರ ಅಕ್ಷರ ಬದಲಿಸಿದರೆ ಅದೇ ಪ್ಲಾಟ್‌ಫಾರ್ಮ್ ಇವತ್ತು ಕರ್ನಾಟಕ, ನಾಳೆ ಪಂಜಾಬ್. ನಿಜವಾದ ಸ್ಟೇಷನ್‌ನಲ್ಲಿ ಶೂಟಿಂಗ್‌ಗೆ ರೈಲ್ವೆಯ ಅನುಮತಿ, ಶುಲ್ಕ, ಗಾಡಿ ಬಂದಾಗಲೆಲ್ಲ ಕೆಲಸ ನಿಲ್ಲಿಸುವ ಕಾಟ, ನೋಡಲು ಸೇರುವ ಗದ್ದಲ. ಇಲ್ಲಿ ಅದ್ಯಾವುದೂ ಇಲ್ಲ. ಒಂದು ದಿನಕ್ಕೆ ಎಷ್ಟು ಶಾಟ್ ತೆಗೆದೆವು ಎಂಬುದರ ಮೇಲೆ ಸಿನಿಮಾದ ಖರ್ಚು ನಿಂತಿರುತ್ತದೆ. ಆ ಲೆಕ್ಕವೇ ಈ ಸುಳ್ಳು ಊರನ್ನು ಕಟ್ಟಿಸಿದ್ದು.

ಕಲ್ಲಿನ ವಿಷಯದಲ್ಲಿ ನಮ್ಮವರ ಕಣ್ಣು ಚುರುಕು. ಬಹಮನಿ ಕೋಟೆ, ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿ ಬೆಳೆದವರು, ಮನೆಯ ನೆಲಕ್ಕೆ ಶಹಾಬಾದ್ ಫರ್ಶಿ ಹಾಸಿಕೊಂಡವರು ನಾವು. ಸೆಟ್‌ನ ಕೋಟೆಗೋಡೆಯನ್ನು ಗಮನಿಸಿ: ಕಲ್ಲು ಕಲ್ಲಿನ ನಡುವಿನ ಸಂದು ಎಲ್ಲೆಡೆ ಒಂದೇ ಅಳತೆ, ಏಕೆಂದರೆ ಒಂದೇ ಅಚ್ಚಿನಿಂದ ಎರಕ ಹೊಯ್ದದ್ದು. ಮೂಲೆಗಳು ಸವೆದಿರುವುದಿಲ್ಲ. ಮಳೆನೀರು ಇಳಿದ ಕಲೆ ಬಣ್ಣದಲ್ಲಿ ಬರೆದದ್ದು, ಹಾಗಾಗಿ ನೀರು ಇಳಿಯಲು ಸಾಧ್ಯವೇ ಇಲ್ಲದ ಕಡೆಯೂ ಕಲೆ ಇರುತ್ತದೆ. ಗೈಡ್ ಬೇಡ ಎನ್ನದಿದ್ದರೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳು ದನಿ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಹತ್ತು ಹೆಜ್ಜೆ ಹಿಂದೆ ಸರಿದರೆ ಅದು ಮತ್ತೆ ಕೋಟೆಯಾಗಿಬಿಡುತ್ತದೆ. ಆ ಹತ್ತು ಹೆಜ್ಜೆಯ ದೂರವನ್ನು ಅಳೆದು ಕೆಲಸ ಮಾಡಿದ ಬಡಗಿ, ಪೇಂಟರ್, ಎರಕದವರ ಕೈಗೆ ಮರ್ಯಾದೆ ಸಲ್ಲಬೇಕು.

ಬಾಹುಬಲಿಯ ಮಾಹಿಷ್ಮತಿ ಸೆಟ್‌ನಲ್ಲಿ ಬಸ್ಸಿನಿಂದ ಇಳಿಸುತ್ತಾರೆ. ಸಾಬು ಸಿರಿಲ್ ಅವರ ಕಲಾ ನಿರ್ದೇಶನದ ಕೆಲಸ. ಇಲ್ಲಿ ಬಂದ ಅರ್ಧ ಜನ ನಿರಾಸೆಯಿಂದ "ಇಷ್ಟೇನಾ" ಎನ್ನುತ್ತಾರೆ. ಪರದೆಯ ಮೇಲೆ ಮುಗಿಲು ಮುಟ್ಟಿದ ಅರಮನೆ ಇಲ್ಲಿ ಒಂದು ಮಟ್ಟಕ್ಕೆ ನಿಂತುಬಿಟ್ಟಿದೆ. ಕಾರಣ ಸರಳ: ನಟರು ನಡೆಯುವ, ಮುಟ್ಟುವ, ಅವರ ಹಿಂದೆ ಹತ್ತಿರದಲ್ಲಿ ಕಾಣುವ ಭಾಗವನ್ನಷ್ಟೇ ನಿಜವಾಗಿ ಕಟ್ಟುತ್ತಾರೆ, ಅದಕ್ಕಿಂತ ಮೇಲಿನದನ್ನು ಕಂಪ್ಯೂಟರ್‌ನಲ್ಲಿ ಬೆಳೆಸುತ್ತಾರೆ. ಇದಕ್ಕೆ ಸೆಟ್ ಎಕ್ಸ್‌ಟೆನ್ಷನ್ ಎಂದು ಹೆಸರು. ಹೋಗುವ ಮೊದಲು ಮನೆಯಲ್ಲಿ ಆ ಸಿನಿಮಾದ ಒಂದು ಅರಮನೆ ದೃಶ್ಯವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ನಿಂತು ಹೋಲಿಸಿ ನೋಡಿ. ಕಟ್ಟಿದ್ದು ಎಲ್ಲಿ ಮುಗಿದು ಕಂಪ್ಯೂಟರ್ ಎಲ್ಲಿ ಶುರುವಾಯಿತು ಎಂಬ ಗೆರೆ ಹುಡುಕುವುದು ಒಂದು ಫೋಟೊ ತೆಗೆದುಕೊಳ್ಳುವುದಕ್ಕಿಂತ ಹೆಚ್ಚಿನ ಸಂತೋಷ ಕೊಡುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಶೂಟಿಂಗ್ ನೋಡಲು ಸಿಗುತ್ತದೆಯೇ? ಅದನ್ನೇ ಆಸೆ ಮಾಡಿಕೊಂಡು ಹೋಗಬೇಡಿ. ಟೂರ್ ಟಿಕೆಟ್‌ನಲ್ಲಿ ಶೂಟಿಂಗ್ ದರ್ಶನ ಸೇರಿಲ್ಲ, ಫ್ಲೋರ್ ಒಳಗೂ ಬಿಡುವುದಿಲ್ಲ. ಟೇಕ್, ಅಂದರೆ ಕ್ಯಾಮೆರಾ ಓಡಿಸಿ ದೃಶ್ಯ ತೆಗೆಯುವ ಕೆಲಸ, ನಡೆಯುವಾಗ ಎಸಿ ಕೂಡ ಆರಿಸುವಷ್ಟು ಮೌನ ಬೇಕು. ನಟನ ಹೊಸ ವೇಷದ ಒಂದು ಮೊಬೈಲ್ ಚಿತ್ರ ಹೊರಬಿದ್ದರೆ ನಿರ್ಮಾಪಕನ ಪ್ರಚಾರದ ಯೋಜನೆಯೇ ಕೆಡುತ್ತದೆ. ಹಾಗಾಗಿ ಒಂದು ಬೀದಿಯಲ್ಲಿ ಕೆಲಸ ನಡೆಯುತ್ತಿದ್ದರೆ ಬಸ್ಸಿನ ದಾರಿಯನ್ನೇ ಬದಲಿಸುತ್ತಾರೆ. ಸೆಟ್‌ಗಳೂ ಹಾಗೆ, ಒಂದು ಸಿನಿಮಾಕ್ಕೆ ಕಟ್ಟಿದ್ದು ಮುಗಿದ ಮೇಲೆ ಒಡೆದು ಇನ್ನೊಂದಾಗುತ್ತದೆ. ಹೋದ ವರ್ಷದ ವಿಡಿಯೋದಲ್ಲಿ ಕಂಡದ್ದು ಈ ವರ್ಷ ಇಲ್ಲದಿದ್ದರೆ ಅದು ಮೋಸವಲ್ಲ, ಸ್ಟುಡಿಯೋ ಜೀವಂತವಾಗಿದೆ ಎಂಬುದರ ಗುರುತು.

ಆದರೂ ಕೆಲಸ ನಡೆಯುತ್ತಿರುವುದನ್ನು ಬಸ್ಸಿನಿಂದಲೇ ಪತ್ತೆ ಹಚ್ಚಬಹುದು. ಕಿಟಕಿಯೇ ಇಲ್ಲದ ಉದ್ದನೆಯ ಕುರುಡು ಗೋಡೆ, ಲಾರಿ ಹೊಗುವಷ್ಟು ಎತ್ತರದ ಬಾಗಿಲು ಕಂಡರೆ ಅದು ಶೂಟಿಂಗ್ ಫ್ಲೋರ್. ಒಳಗೆ ಗೋಡೆಗೆ ಸದ್ದು ಹೀರುವ ಹಾಸು, ಚಾವಣಿಯ ಕೆಳಗೆ ಲೈಟ್‌ಬಾಯ್‌ಗಳು ಓಡಾಡುವ ಕಿರಿದಾದ ಅಟ್ಟಣಿಗೆಗಳ ಜಾಲ. ಹೊರಗೆ ಜನರೇಟರ್ ವ್ಯಾನ್ ದೂರದಲ್ಲಿ ನಿಂತು, ಅದರಿಂದ ತೋಳು ದಪ್ಪದ ಕಪ್ಪು ಕೇಬಲ್‌ಗಳು ಬಾಗಿಲಿನ ಕಡೆ ಹರಿದಿದ್ದರೆ ಒಳಗೆ ಲೈಟ್ ಉರಿಯುತ್ತಿವೆ ಎಂದರ್ಥ. ದೂರ ಏಕೆಂದರೆ ಅದರ ಗುಡುಗು ಮೈಕಿಗೆ ಸಿಗಬಾರದು. ಪಕ್ಕದಲ್ಲಿ ಯೂನಿಟ್ ಬಸ್ಸು, ಪ್ರೊಡಕ್ಷನ್ ಊಟದ ದೊಡ್ಡ ಪಾತ್ರೆಗಳು, ಒಂದೇ ಥರದ ಬಟ್ಟೆ ತೊಟ್ಟು ನೆರಳಲ್ಲಿ ಕುಳಿತ ಜೂನಿಯರ್ ಆರ್ಟಿಸ್ಟ್‌ಗಳು ಕಂಡರೆ ಇನ್ನು ಅನುಮಾನವೇ ಬೇಡ. ಬಯಲಿನಲ್ಲಿ ದೊಡ್ಡ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ ಎತ್ತರದಲ್ಲಿ ಕಂಡರೆ ಅದರ ಕೆಳಗೆ ನಟರಿದ್ದಾರೆ: ನೆತ್ತಿಯ ಬಿಸಿಲು ಮುಖದಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ, ಆ ಬಟ್ಟೆ ಅದನ್ನು ಮೆತ್ತಗೆ ಮಾಡುತ್ತದೆ. ಇಂಥ ಕಡೆ ಮೊಬೈಲ್ ಒಳಗಿಡಿ. ಕೂಗಿ ಕೈಬೀಸುವುದೂ ಬೇಡ, ಅದು ಯಾರದೋ ಕೆಲಸದ ಹೊತ್ತು.

ಬೀಡಿ, ಸಿಗರೇಟು, ಬೆಂಕಿಪೊಟ್ಟಣದ ವಿಷಯದಲ್ಲಿ ಇಲ್ಲಿನ ಕಟ್ಟುನಿಟ್ಟನ್ನು ಕಿರಿಕಿರಿ ಎಂದುಕೊಳ್ಳಬಾರದು. ಪ್ಲೈವುಡ್, ಬಟ್ಟೆ, ಥರ್ಮೋಕೋಲ್, ಬಣ್ಣ, ಜೊತೆಗೆ ಕಾದ ಲೈಟು ಮತ್ತು ನೆಲದ ಮೇಲೆಲ್ಲ ವಯರ್. ಸೆಟ್ ಎಂದರೆ ಹೊತ್ತಿಕೊಳ್ಳಲು ಸಿದ್ಧವಾದ ವಸ್ತುಗಳ ರಾಶಿ. 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಗೆ 60ಕ್ಕೂ ಹೆಚ್ಚು ಜನ ಸತ್ತರು. ಕನ್ನಡಿಗರು ಯಾವ ಸ್ಟುಡಿಯೋ ಒಳಗೆ ಕಾಲಿಟ್ಟಾಗಲೂ ಇದನ್ನು ಮರೆಯಬಾರದು.

ಬಸ್ ಟೂರ್ ಮುಗಿದ ಮೇಲೆ ಎರಡನೆಯ ಆದ್ಯತೆ ಮೂವಿ ಮ್ಯಾಜಿಕ್‌ಗೆ. ಸಿನಿಮಾ ಹೇಗೆ ಮಾಡುತ್ತಾರೆ ಎಂದು ನೇರವಾಗಿ ಮಾಡಿ ತೋರಿಸುವ ಜಾಗ ಇಲ್ಲಿ ಇದೊಂದೇ. ಪ್ರೇಕ್ಷಕರಲ್ಲೇ ಕೆಲವರನ್ನು ಕರೆದು ಟಾಂಗಾ ಓಟದ ದೃಶ್ಯವೊಂದನ್ನು ಮಾಡಿಸುತ್ತಾರೆ. ಶೋಲೆಯ ದೃಶ್ಯದ ಅನುಕರಣೆ ಅದು. ಮೂಲ ಸಿನಿಮಾ ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ಎಂದು ಮಕ್ಕಳಿಗೆ ಹೇಳಿ. ಮೊದಲ ಕೋಣೆಯಲ್ಲಿ ಟಾಂಗಾ ನಿಂತಲ್ಲೇ ಅಲುಗಾಡುತ್ತದೆ, ಹಿಂದೆ ಒಂದೇ ಬಣ್ಣದ ಪರದೆ. ಎರಡನೆಯದರಲ್ಲಿ ಅದೇ ಚಿತ್ರಕ್ಕೆ ಸದ್ದು ಕೂಡಿಸುತ್ತಾರೆ. ಕೊನೆಯದರಲ್ಲಿ ಎರಡೂ ಸೇರಿದ ಮುಗಿದ ದೃಶ್ಯ.

ಇಲ್ಲಿ ಗಮನಿಸಬೇಕಾದದ್ದು. ಹಿಂದಿನ ಪರದೆಯ ಆ ಒಂದು ಬಣ್ಣವನ್ನು ಕಂಪ್ಯೂಟರ್ ತೆಗೆದುಹಾಕಿ ಆ ಜಾಗದಲ್ಲಿ ಬೇರೆ ಚಿತ್ರ ಇಡುತ್ತದೆ. ಹಸಿರು ಅಥವಾ ನೀಲಿಯೇ ಏಕೆ? ಮನುಷ್ಯರ ಚರ್ಮದಲ್ಲಿ ಈ ಎರಡು ಬಣ್ಣದ ಪಾಲು ಕಡಿಮೆ. ಡಿಜಿಟಲ್ ಕ್ಯಾಮೆರಾ ಹಸಿರನ್ನು ಹೆಚ್ಚು ಸ್ವಚ್ಛವಾಗಿ ಹಿಡಿಯುತ್ತದೆ, ಅದರ ಸೆನ್ಸರ್‌ನಲ್ಲಿ ಹಸಿರು ಗ್ರಹಿಸುವ ಬಿಂದುಗಳು ಕೆಂಪು, ನೀಲಿಗಿಂತ ಎರಡು ಪಟ್ಟು. ಪರದೆಯ ಬಣ್ಣದ್ದೇ ಸೀರೆ, ಅಂಗಿ ತೊಟ್ಟವರು ವೇದಿಕೆಗೆ ಹೋದರೆ ಅವರ ಮೈಯೂ ಮಾಯವಾಗುತ್ತದೆ, ಹಾಗಾಗಿ ಹೋಗಬೇಕೆಂಬ ಆಸೆ ಇರುವವರು ಆ ದಿನ ಕೆಂಪೋ ಹಳದಿಯೋ ತೊಟ್ಟು ಬನ್ನಿ. ಮುಗಿದ ದೃಶ್ಯದಲ್ಲಿ ಕೂದಲಿನ ಅಂಚು ನೋಡಿ. ಎಳೆ ಎಳೆ ಕೂದಲನ್ನು ಹಿನ್ನೆಲೆಯಿಂದ ಬಿಡಿಸುವುದು ಅತಿ ಕಷ್ಟದ ಕೆಲಸ, ಅಂಚಿನಲ್ಲಿ ಪರದೆಯ ಬಣ್ಣದ ಛಾಯೆ ಉಳಿದುಬಿಡುತ್ತದೆ. ಅದು ಎಲ್ಲಿ ಕಾಣುತ್ತದೆ ಎಂದು ಒಮ್ಮೆ ಕಲಿತರೆ ಟಿವಿ ಧಾರಾವಾಹಿಗಳಲ್ಲೂ ಕಾಣಿಸತೊಡಗುತ್ತದೆ.

ಸದ್ದಿನ ಕೋಣೆ ಇದಕ್ಕಿಂತ ಚಂದ. ಕುದುರೆ ಗೊರಸಿಗೆ ತೆಂಗಿನ ಚಿಪ್ಪು ಬಡಿಯುವುದು ಈ ಕಸುಬಿನ ಹಳೆಯ ಉಪಾಯ. ಸೆಕೆಂಡಿಗೆ 24 ಚೌಕಟ್ಟು ಓಡುವ ಚಿತ್ರದಲ್ಲಿ ಸದ್ದು ಎರಡು ಮೂರು ಚೌಕಟ್ಟು ತಡವಾದರೂ ಕಿವಿ ಹಿಡಿದುಬಿಡುತ್ತದೆ, ನೋಡುಗರಿಗೆ ಏನು ತಪ್ಪಿದೆ ಎಂದು ಹೇಳಲಾಗದಿದ್ದರೂ ಏನೋ ತಪ್ಪಿದೆ ಎನಿಸುತ್ತದೆ. ಪ್ರೇಕ್ಷಕರಿಂದ ಹೋದವರು ಬಡಿಯುವಾಗ ಆಗುವ ಎಡವಟ್ಟು ಇದೇ: ಕೈ ನೋಡುತ್ತಾ ಬಡಿಯುತ್ತಾರೆ. ಪರದೆ ನೋಡುತ್ತಾ ಬಡಿಯಬೇಕು. ಕರೆಯಬೇಕೆಂದರೆ ಮುಂದಿನ ಸಾಲುಗಳಲ್ಲಿ ಕುಳಿತು ಮೊದಲ ಕರೆಗೇ ಕೈ ಎತ್ತಿ.

ವೈಲ್ಡ್ ವೆಸ್ಟ್ ಸ್ಟಂಟ್ ಶೋ ಮೂರನೆಯದು. ಗುಂಡಿನ ಸದ್ದು, ಚಾವಣಿಯಿಂದ ಬೀಳುವುದು, ಸ್ಫೋಟ. ಬೀಳುವವನು ಬೀಳುವ ಮೊದಲು ಕಣ್ಣಿನಿಂದ ಜಾಗ ಅಳೆಯುವ ಅರೆಗಳಿಗೆ, ಹೊಡೆತ ತಾಗದೆಯೇ ತಾಗಿದಂತೆ ಕಾಣಲು ಪ್ರೇಕ್ಷಕರ ಕಡೆ ಬೆನ್ನು ಮಾಡಿ ನಿಲ್ಲುವ ಕ್ರಮ ನೋಡುವಂಥದ್ದು. ಸದ್ದು ಜೋರು, ಹಸುಗೂಸು ಇದ್ದವರು ಹಿಂದೆ ಕುಳಿತುಕೊಳ್ಳಿ. ನೆರಳಿನ ಸಾಲು ಬೇಗ ತುಂಬುತ್ತದೆ, 20 ನಿಮಿಷ ಮೊದಲು ಹೋಗಬೇಕು.

ಫಿಲ್ಮಿ ದುನಿಯಾ ಗೊಂಬೆಗಳ ನಡುವಿನ ಸವಾರಿ, ಚಿಕ್ಕವರಿಗೆ ಸರಿ. ಬೋರಾಸುರದಲ್ಲಿ ಕತ್ತಲು, ಭೂತ. ಅಂಜುವ ಮಕ್ಕಳನ್ನು ಒತ್ತಾಯ ಮಾಡಬೇಡಿ. ಫಂಡುಸ್ತಾನ್ ಮಕ್ಕಳ ಆಟದ ಜಾಗ, ಒಳಗೆ ಬಿಟ್ಟರೆ ಎರಡು ತಾಸು ಹೊರಗೆ ಬರುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟುಕೊಳ್ಳುವುದು. ಹಕ್ಕಿಗಳ ಪಾರ್ಕು, ಚಿಟ್ಟೆಗಳ ಪಾರ್ಕು, ಬೋನ್ಸಾಯ್ ತೋಟ ಹೊತ್ತಿದ್ದರೆ. ಉದ್ಯಾನಗಳು ಹಾಡಿನ ಚಿತ್ರೀಕರಣಕ್ಕಾಗಿಯೇ ಬೆಳೆಸಿದವು; ಕ್ಯಾಮೆರಾ ಕ್ರೇನ್‌ಗೆ ಅಗಲ ಸಿಗಲೆಂದು ದಾರಿಗಳು ಅಗಲ, ನೆರಳು ಕಡಿಮೆ.

ಆ ನೆರಳಿನ ಕೊರತೆಯೇ ಈ ಜಾಗದ ದೊಡ್ಡ ತೊಂದರೆ. ಕಲಬುರಗಿ ಬಿಸಿಲು ಉಂಡವರಿಗೆ ಹೈದರಾಬಾದ್ ಬಿಸಿಲೇನು ಎಂದು ಮೇ ತಿಂಗಳಲ್ಲಿ ಹೋಗುವವರಿದ್ದಾರೆ. ಊರಲ್ಲಿ ನಾವು ಆ ಹೊತ್ತಿಗೆ ಮನೆಯೊಳಗಿರುತ್ತೇವೆ; ಇಲ್ಲಿ ಬಂಡೆ, ಕಾಂಕ್ರೀಟ್ ಮೇಲೆ ನಡೆಯುತ್ತಿರುತ್ತೇವೆ. ನವೆಂಬರ್ ನಡುವಿನಿಂದ ಫೆಬ್ರುವರಿ ಮೊದಲವರೆಗೆ, ಅದೂ ಮಂಗಳವಾರದಿಂದ ಗುರುವಾರದೊಳಗೆ ಹೋದರೆ ಉತ್ತಮ. ದಸರಾ, ಸಂಕ್ರಾಂತಿ, ವರ್ಷದ ಕೊನೆಯ ವಾರ ಬೇಡ. ಮಳೆಗಾಲದಲ್ಲಿ ತಂಪು, ಆದರೆ ಬಯಲಿನ ಶೋಗಳಿಗೆ ಅಡ್ಡಿಯಾಗುತ್ತದೆ. ಹೊಸ ಚಪ್ಪಲಿ ಹಾಕಿಕೊಂಡು ಯಾರೂ ಹೋಗಬಾರದು.

ಶಾಲೆಯ ಟ್ರಿಪ್ ಒಯ್ಯುವ ಶಿಕ್ಷಕರಿಗೆ: ಗುಂಪಿನ ದರಕ್ಕೆ ಮೊದಲೇ ಪತ್ರ ಬರೆದು ಕೇಳಿ, ಶಾಲೆಯ ಗುರುತಿನ ಕಾಗದ ಜೊತೆಗಿರಲಿ. ಮಕ್ಕಳನ್ನು ಹತ್ತು ಹತ್ತರ ತಂಡ ಮಾಡಿ ಒಬ್ಬೊಬ್ಬ ಶಿಕ್ಷಕರಿಗೆ ಒಪ್ಪಿಸಿ. ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬಸ್ ಇಳಿಯುವ ನಿಲ್ದಾಣಗಳಲ್ಲಿ. ಎಲ್ಲ ಬಸ್ಸುಗಳೂ ಒಂದೇ ಥರ ಕಾಣುವುದರಿಂದ ಮಗು ಬೇರೆ ಬಸ್ ಹತ್ತಿಬಿಡುತ್ತದೆ. ಪ್ರತಿ ಬಾರಿ ಹತ್ತಿದ ಮೇಲೆ ತಲೆ ಎಣಿಸಿ, ಕೈ ಮೇಲೆ ಶಿಕ್ಷಕರ ಫೋನ್ ನಂಬರ್ ಬರೆಯಿರಿ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಈ ಪ್ರವಾಸಿ ಟೂರ್ ಸಾಲದು. ಎಡಿಟಿಂಗ್, ಡಬ್ಬಿಂಗ್ ವಿಭಾಗ ನೋಡಬೇಕೆಂದರೆ ವಿಭಾಗದ ಮುಖ್ಯಸ್ಥರು ಸ್ಟುಡಿಯೋ ಆಡಳಿತಕ್ಕೆ ಪ್ರತ್ಯೇಕವಾಗಿ ಬರೆದು ಕೇಳಬೇಕು. ಒಪ್ಪುವುದು ಅವರ ಕೆಲಸದ ಒತ್ತಡಕ್ಕೆ ಬಿಟ್ಟದ್ದು.

ಒಂದೇ ದಿನದಲ್ಲಿ ಹೋಗಿ ಬರುವುದು ಬೀದರ್‌ನವರಿಗೆ ಆದೀತು. ಕಲಬುರಗಿ, ಯಾದಗಿರಿಯವರು ಮಕ್ಕಳೊಂದಿಗೆ ಹೋದರೆ ಒಂದು ರಾತ್ರಿ ಉಳಿಯುವುದೇ ಲೇಸು. ಒಳಗೆ ಸಿತಾರಾ, ತಾರಾ ಹೋಟೆಲ್‌ಗಳಿಂದ ಹಿಡಿದು ಗುಂಪುಗಳಿಗಾಗಿ ಸಹಾರಾದಂಥ ವಸತಿಯವರೆಗೆ ಇವೆ. ಕಡಿಮೆ ಖರ್ಚಿಗೆ ದಿಲ್‌ಸುಖ್‌ನಗರ, ಎಲ್‌.ಬಿ. ನಗರದ ಲಾಡ್ಜುಗಳು ಮೆಟ್ರೋಗೆ ಹತ್ತಿರ. ಸಂಜೆ ಮುಕ್ತಾಯದ ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಗೇಟಿನ ಬಸ್ಸಿಗೆ ಪಾಳಿ ಹಚ್ಚುತ್ತಾರೆ. ರಾತ್ರಿ ಗಾಡಿ ಹಿಡಿಯಬೇಕಾದವರು ಅದಕ್ಕೆ ಅರ್ಧ ತಾಸು ಮೊದಲೇ ಹೊರಡಬೇಕು. ಗೇಟಿನಿಂದ ಇಮ್ಲಿಬನ್‌ಗೆ ಸಂಜೆಯ ಗದ್ದಲದಲ್ಲಿ ಎರಡು ತಾಸು ಹಿಡಿದುಕೊಳ್ಳಿ. ಎಲ್‌.ಬಿ. ನಗರದಲ್ಲಿ ಬಸ್ಸಿನಿಂದ ಇಳಿದು ಮೆಟ್ರೋ ಹತ್ತಿದರೆ ಅದರಲ್ಲಿ ಒಂದಿಷ್ಟು ಉಳಿಯುತ್ತದೆ, ರೊಟ್ಟಿ ಗಂಟು ಬಿಚ್ಚಲು ನಿಲ್ದಾಣದಲ್ಲಿ ಹೊತ್ತೂ ಸಿಗುತ್ತದೆ.